ಕೈಯ ಕುಶಲತೆ ಯಾರದು?



ಮರಿಕಲ್ ಸೀಮೆಯ ನಮ್ಮ ಜನರು ‘ಪಾಲಮೂರು ಕೂಲಿ’ ಎಂಬ ಹೆಸರಿನಲ್ಲಿ ದೂರದೂರದ ಅಣೆಕಟ್ಟು, ಕಾಲುವೆಗಳಿಗೆ ಮಣ್ಣು ಹೊತ್ತವರು. ನೆರೆಯ ನಾರಾಯಣಪೇಟೆಯ ನೇಕಾರರು ಸೀರೆಗೆ ಹೆಸರಾದವರು. ಇಂಥ ಕೈಗಳಿಗೆ ಹೆಮ್ಮೆ ಬರುವುದು ಸಹಜ. ಆದರೆ ದೇವದರ್ಶನದ ಗುಡಾರದ ಕೆಲಸ ಮಾಡಿದ ಬೆಚಲೇಲನಿಗೆ ಕುಶಲತೆಯನ್ನು ಕೊಟ್ಟಾತನು ದೇವರೇ ಎಂದು ವಿಮೋಚನಕಾಂಡದ 31ನೆಯ ಅಧ್ಯಾಯವು ತಿಳಿಸುತ್ತದೆ. ನಮ್ಮದೂ ಆತನಿಂದ ಪಡೆದದ್ದೇ. ಆದುದರಿಂದ ಗೋಡೆ ಕಟ್ಟಬಲ್ಲ ಮೇಸ್ತ್ರಿಯು ಗಾರೆ ಹೊರುವ ಸಹೋದರಿಯನ್ನು ಕೀಳಾಗಿ ಕಾಣದಿರಲಿ.

ದೀನತೆಯ ಹೆಸರಿನಲ್ಲಿ ಕಡಿಮೆ ಕೂಲಿಗೆ ತಲೆಬಾಗಬೇಕೆಂದು ಯಾರೂ ಬೋಧಿಸಬಾರದು. ಕೂಲಿಯನ್ನು ಹಿಡಿದಿಡುವ ಧಣಿಗಳನ್ನು ಯಾಕೋಬನ ಪತ್ರಿಕೆಯ 5ನೆಯ ಅಧ್ಯಾಯವು ಗದರಿಸುತ್ತದೆ. ಕುಶಲತೆಯ ಮಹಿಮೆ ದೇವರಿಗೆ, ದುಡಿಮೆಯ ಕೂಲಿ ದುಡಿದವರಿಗೆ ಸಲ್ಲಲಿ. ಸಂಜೆ ಸಲಿಕೆ ತೊಳೆದಿಡುವಾಗ ಆತನಿಗೆ ಸ್ತೋತ್ರ ಸಲ್ಲಿಸೋಣ. ಬಟವಾಡೆಯ ದಿನ ಲೆಕ್ಕವನ್ನೂ ಕೇಳೋಣ.