ಮಾಟದ ಊರಿಗೆ ಕಾವಲುಗಾರ

ಪೊಲೀಸ್ ಠಾಣೆಯ ಕರ್ತವ್ಯಗಳೆಂದರೆ ಕಳವು, ಹೊಡೆದಾಟ, ಜೂಜು, ವಾಹನಗಳ ನಿಯಂತ್ರಣ ಎಂದಿಷ್ಟನ್ನೇ ಭಾವಿಸಿಕೊಂಡಿರುವ ನಾವು, ಮಹಾರಾಷ್ಟ್ರದಲ್ಲಿ ಪೊಲೀಸ್ ನಿರೀಕ್ಷಕನ ದರ್ಜೆಗೆ ಕಡಮೆಯಲ್ಲದ ಅಧಿಕಾರಿಗೆ ಮಾಟ, ಮಂತ್ರ, ಭಾನಾಮತಿ, ದೆವ್ವ ಬಿಡಿಸುವಿಕೆಗಳ ಮೇಲೆ ಕಣ್ಣಿಟ್ಟಿರುವ ಕೆಲಸವನ್ನೂ 2013ರ ಶಾಸನವೊಂದು ವಹಿಸಿಕೊಟ್ಟಿದೆಯೆಂಬುದನ್ನು ಮರೆತೇಬಿಟ್ಟಿರುತ್ತೇವೆ. ಆತನಿಗೆ ಅಲ್ಲಿ ‘ದಕ್ಷತಾ ಅಧಿಕಾರಿ’ ಎಂದು ಹೆಸರು. ಒಂದೆಡೆ ಹನ್ನೆರಡನೆಯ ಶತಮಾನದ ಸಿದ್ಧರಾಮನು ಕೆರೆಯನ್ನು ಕಟ್ಟಿ ಅರುವತ್ತೆಂಟು ಲಿಂಗಗಳನ್ನು ಪ್ರತಿಷ್ಠಿಸಿದನೆಂಬ ಶ್ರದ್ಧೆ ಇಂದಿಗೂ ಜಾಗೃತವಾಗಿರುವ ಸೊಲ್ಲಾಪುರದಲ್ಲಿ, ಇನ್ನೊಂದೆಡೆ 1878ರಲ್ಲಿ ಸಮಾಧಿಸ್ಥರಾದ ಸ್ವಾಮಿ ಸಮರ್ಥರ ಮಹಿಮೆಗಳನ್ನು ವಟವೃಕ್ಷದ ಸನ್ನಿಧಿಯಲ್ಲಿ ನಿತ್ಯವೂ ಭಕ್ತರು ಸ್ಮರಿಸುವ ಅಕ್ಕಲಕೋಟೆಯಲ್ಲಿ, ಇಂತಹ ಕಾವಲುಗಾರನ ಪಾಡು ಎಷ್ಟು ಇಕ್ಕಟ್ಟಿನದೆಂಬುದನ್ನು ಊಹಿಸಿಕೊಳ್ಳಬಹುದು. ಪವಾಡವಾವುದು, ವಂಚನೆಯಾವುದು ಎಂಬುದನ್ನು ಖಾಕಿ ತೊಟ್ಟವನು ಹೇಗೆ ನಿರ್ಣಯಿಸಬೇಕು? ಅವನು ಅದನ್ನು ನಿರ್ಣಯಿಸಲೇಬೇಕಾಗಿಲ್ಲವೆಂಬುದು ನನ್ನ ಅಭಿಪ್ರಾಯ. ಪರರ ಭಯವನ್ನು ಬಂಡವಾಳ ಮಾಡಿಕೊಂಡವನು ಯಾರೆಂದು ಕಂಡುಕೊಂಡರೆ ಅವನ ಕೆಲಸ ಮುಗಿಯಿತು.

ಶಾಸನದ ಹುಟ್ಟು ರಕ್ತಸಿಕ್ತವಾದುದು. ಇದಕ್ಕಾಗಿ ವರ್ಷಗಟ್ಟಲೆ ಹೋರಾಡಿದ ಡಾಕ್ಟರ್ ನರೇಂದ್ರ ದಾಭೋಳಕರರನ್ನು 2013ರ ಆಗಸ್ಟ್ 20ರ ಬೆಳಿಗ್ಗೆ ಪುಣೆಯ ಬೀದಿಯಲ್ಲಿ ಗುಂಡಿಟ್ಟು ಕೊಂದ ಕೆಲವೇ ದಿನಗಳಲ್ಲಿ ಅದು ಸುಗ್ರೀವಾಜ್ಞೆಯಾಗಿ ಹೊರಬಿದ್ದು, ಅದೇ ವರ್ಷದ ಡಿಸೆಂಬರಿನಲ್ಲಿ ವಿಧಾನಮಂಡಲದ ಒಪ್ಪಿಗೆಯನ್ನು ಪಡೆಯಿತು. ಕರ್ನಾಟಕವೂ 2017ರಲ್ಲಿ ಇಂಥದೇ ಶಾಸನವನ್ನು ಮಾಡಿ 2020ರಿಂದ ಜಾರಿಗೆ ತಂದಿತಾದುದರಿಂದ, ಗಡಿಯ ಎರಡು ಮಗ್ಗುಲುಗಳಲ್ಲಿಯೂ ಇಂದು ಮಾಂತ್ರಿಕನಿಗೆ ಕಾನೂನಿನ ಕಾವಲುಂಟು. ಮಹಾರಾಷ್ಟ್ರದಲ್ಲಿ ಶಿಕ್ಷೆ ಆರು ತಿಂಗಳಿಂದ ಏಳು ವರ್ಷಗಳವರೆಗೆ. ದಂಡ 5,000 ರೂಪಾಯಿಯಿಂದ 50,000ದವರೆಗೆ. ಜಾಮೀನು ಸುಲಭವಾಗಿ ದೊರೆಯುವಂತಿಲ್ಲ.

ಈ ಶಾಸನದ ಅನುಸೂಚಿಯನ್ನು ಓದುವುದೇ ಒಂದು ಯಾತನೆ. ದೆವ್ವ ಬಿಡಿಸುವ ನೆಪದಲ್ಲಿ ಹಗ್ಗದಿಂದಲೋ ಸರಪಳಿಯಿಂದಲೋ ಕಟ್ಟಿ ಥಳಿಸುವುದು, ಮೆಣಸಿನಕಾಯಿಯ ಹೊಗೆ ಹಾಕುವುದು, ಚಪ್ಪಲಿ ನೆನೆಸಿದ ನೀರನ್ನು ಕುಡಿಸುವುದು, ನಿಧಿಯ ಆಸೆಗೆ ಅಮಾನುಷ ಕೃತ್ಯಗಳನ್ನೆಸಗುವುದು, ಹಾವು ಚೇಳು ಕಚ್ಚಿದವನನ್ನು ಆಸ್ಪತ್ರೆಗೆ ಹೋಗಗೊಡದೆ ತಾಯತ ಕಟ್ಟಿ ಕೂಡಿಸುವುದು, ಇಂಥವಳು ಮಾಟ ಮಾಡುತ್ತಾಳೆಂದು ಊರೆಲ್ಲ ಸಾರುವುದು, ಇವೆಲ್ಲ ಅಲ್ಲಿ ಹೆಸರು ಹೆಸರಾಗಿ ನಮೂದಾಗಿವೆ. ಕೊನೆಯದಾಗಿ ನಾನು ಹೇಳಿದ ಅಪರಾಧಕ್ಕೆ ಮಂತ್ರವೂ ಬೇಕಿಲ್ಲ, ಮಾಂತ್ರಿಕನೂ ಬೇಕಿಲ್ಲ. ಗಂಡನಿಲ್ಲದವಳೊಬ್ಬಳ ಹೊಲದ ಬದುವಿನ ಮೇಲೆ ಯಾರದೋ ಕಣ್ಣು ಬಿದ್ದಿದ್ದು, ಓಣಿಯಲ್ಲೊಂದು ಕೂಸು ಜ್ವರದಿಂದ ತೀರಿಕೊಂಡರಾಯಿತು. ಮಿಕ್ಕುದನ್ನು ನಾಲಗೆಗಳು ಮಾಡುತ್ತವೆ.

ಅದೇ ಶಾಸನವು ಇನ್ನೊಂದು ಕಡೆ ತೋರಿರುವ ವಿವೇಕವನ್ನು ಅದರ ವಿರೋಧಿಗಳು ಎಂದೂ ಪ್ರಸ್ತಾಪಿಸುವುದಿಲ್ಲ. ಯಾತ್ರೆ, ಪ್ರದಕ್ಷಿಣೆ, ಕೀರ್ತನೆ, ಭಜನೆ, ಮನೆಯ ಮತ್ತು ಗುಡಿ ದರ್ಗಾಗಳ ಉಪಾಸನೆ ಇವುಗಳನ್ನು ಅದು ಮುಟ್ಟುವುದಿಲ್ಲ; ಗತಿಸಿದ ಸಂತರ ಪವಾಡಗಳನ್ನು ಹೇಳುವುದೂ ಪ್ರಚಾರ ಮಾಡುವುದೂ ಅಪರಾಧವಲ್ಲವೆಂದು ಅದರಲ್ಲಿ ಸ್ಪಷ್ಟವಾಗಿಯೇ ಬರೆದಿದೆ. ಆದುದರಿಂದ ಸ್ವಾಮಿ ಸಮರ್ಥರ ಚರಿತ್ರೆಯನ್ನು ಪಾರಾಯಣ ಮಾಡುವ ಮುದುಕಿಯ ಮನೆಯ ಬಾಗಿಲಿಗೆ ಯಾವ ಫೌಜದಾರನೂ ಬರುವಂತಿಲ್ಲ. ಮಕರ ಸಂಕ್ರಾಂತಿಯ ಕಾಲದಲ್ಲಿ ಸಿದ್ಧೇಶ್ವರ ಜಾತ್ರೆಯ ನಂದಿಧ್ವಜಗಳು ಸೊಲ್ಲಾಪುರದ ಬೀದಿಗಳಲ್ಲಿ ಸಾಗಿ, ಹೋಮವು ಮುಗಿದ ಮೇಲೆ, ಹಸಿದಿರಿಸಿದ ಕರುವೊಂದರ ಚರ್ಯೆಯಿಂದ ಬರುವ ವರ್ಷದ ಮಳೆಬೆಳೆಗಳನ್ನು ನುಡಿಯುವ ಪದ್ಧತಿಯುಂಟಷ್ಟೆ. ಜಾತ್ರೆಯ ಬಂದೋಬಸ್ತಿಗೆ ನಿಂತ ಪೊಲೀಸರ ಕಣ್ಣಮುಂದೆಯೇ ನಡೆಯುವ ಭವಿಷ್ಯ ಕಥನವದು! ಆ ಕರುವಿನಿಂದ ಯಾರ ಮೈಗೂ ಗಾಯವಾಗಲಿಲ್ಲ, ಯಾರ ಹೊಲವೂ ಕೈತಪ್ಪಲಿಲ್ಲ. ಅದನ್ನು ನಂಬುವವರೂ ನಂಬದವರೂ ಹೆಗಲಿಗೆ ಹೆಗಲು ತಾಗಿಸಿ ನಿಂತು ನೋಡಿ ಮನೆಗೆ ಹೋಗುತ್ತಾರೆ. ಕಾನೂನಿಗೆ ಅಲ್ಲಿ ಕೆಲಸವಿಲ್ಲ, ಇರಲೂಬಾರದು.

ಮಾಯಾವಿಗಳ ಊರನ್ನು ಕಾಯುವವನ ಸಂಕಟ ಕನ್ನಡಕ್ಕೆ ಹೊಸದಲ್ಲ. ಸಾವಿರ ವರ್ಷಕ್ಕೂ ಹಿಂದಿನ ‘ವಡ್ಡಾರಾಧನೆ’ಯ ವಿದ್ಯುಚ್ಚೋರನ ಕಥೆಯಲ್ಲಿ, ಹಗಲು ಕುಷ್ಠರೋಗಿಯಾಗಿ ಬಿದ್ದಿದ್ದು ಇರುಳು ತನ್ನ ವಿದ್ಯಾಬಲದಿಂದ ಅರಮನೆಗೇ ಕನ್ನವಿಕ್ಕುವ ಕಳ್ಳನನ್ನು ಹಿಡಿದು ತರಬೇಕಾದ ತಳಾರ ಯಮದಂಡನ ತಲೆಯೇ ಪಣಕ್ಕೊಡ್ಡಲ್ಪಟ್ಟಿರುತ್ತದೆ. ಹಿಡಿದು ತಂದವನನ್ನು ಚಿತ್ರಹಿಂಸೆಗೆ ಗುರಿಮಾಡಿದರೂ ಅವನು ಒಪ್ಪಿಕೊಳ್ಳುವುದಿಲ್ಲ. ಅರಸನು ಅಭಯವಿತ್ತ ಮೇಲೆ ಮಾತ್ರವೇ ಸತ್ಯವನ್ನು ನುಡಿಯುತ್ತಾನೆ. ಪೊಲೀಸ್ ತರಬೇತಿಯಲ್ಲಿ ಈ ಕಥೆಯನ್ನು ಓದಿಸುವುದು ಲೇಸು.

ಏಕೆಂದರೆ ಮಾಂತ್ರಿಕನ ಅಧಿಕಾರವೂ ಪೊಲೀಸನ ಅಧಿಕಾರವೂ ಬಹುಮಟ್ಟಿಗೆ ಭಯವೆಂಬ ಒಂದೇ ಬಾವಿಯಿಂದ ನೀರು ಸೇದುತ್ತವೆ. ಸೊಲ್ಲಾಪುರಕ್ಕೆ ಇದು ತಿಳಿಯದ ಸಂಗತಿಯಲ್ಲ. 1930ರ ಮೇ ತಿಂಗಳಲ್ಲಿ ಗಾಂಧೀಜಿಯವರ ಬಂಧನದ ಸುದ್ದಿಯಿಂದ ಕೆರಳಿದ ಆ ಗಿರಣಿಗಳ ಊರು ಸರಕಾರದ ಭಯವನ್ನು ಒಮ್ಮೆಗೇ ಕಳೆದುಕೊಂಡಾಗ, ಪೊಲೀಸರು ಬೀದಿಗಳಿಂದ ಹಿಂದೆಗೆದು, ಕೆಲವು ದಿನ ಜನರೇ ನಗರವನ್ನು ನಡೆಸಿದರು. ಬಳಿಕ ಬಂದ ಲಷ್ಕರಿ ಕಾನೂನು, 1931ರ ಜನವರಿ 12ರಂದು ಯೆರವಡೆಯಲ್ಲಿ ಮಲ್ಲಪ್ಪ ಧನಶೆಟ್ಟಿ, ಜಗನ್ನಾಥ ಶಿಂದೆ, ಶ್ರೀಕಿಸನ ಸಾರಡಾ, ಕುರ್ಬಾನ್ ಹುಸೇನರ ನೇಣು, ಇವನ್ನು ಅಲ್ಲಿನ ಜನ ಮರೆತಿಲ್ಲ. ಹೀಗಿರಲು, ಭಯದ ವ್ಯಾಪಾರಿಯನ್ನು ಹಿಡಿಯಹೊರಟ ದಕ್ಷತಾ ಅಧಿಕಾರಿಯು ತಾನೂ ಲಾಠಿಯ ಭಯವನ್ನೇ ನೆಚ್ಚಿಕೊಂಡರೆ ದೂರು ಕೊಡಲು ಅವನ ಬಳಿಗೆ ಬರುವವರಾರು? ನೊಂದವಳಿಗೆ ಮಾಂತ್ರಿಕನ ಶಾಪ ಒಂದು ಭಯ, ಠಾಣೆಯ ಮೆಟ್ಟಿಲು ಇನ್ನೊಂದು. ಎರಡರಲ್ಲಿ ಪರಿಚಿತವಾದುದನ್ನೇ ಅವಳು ಆರಿಸಿಕೊಳ್ಳುತ್ತಾಳೆ.

ಅಕ್ಕಲಕೋಟೆ ತಾಲೂಕಿನಲ್ಲಿ ಇದಕ್ಕೆ ಮತ್ತೊಂದು ತೊಡಕು ಸೇರಿದೆ. ಹಿಂದೆ ಭೋಸಲೆ ಅರಸರ ಸಂಸ್ಥಾನವಾಗಿದ್ದ ಆ ಸೀಮೆಯ ಹಳ್ಳಿಗಳಲ್ಲಿ ಮನೆಮಾತು ಹೆಚ್ಚಾಗಿ ಕನ್ನಡ. ಮಹಾಜನ ಆಯೋಗವು 1967ರಲ್ಲಿ ಅದನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದಿತು, ಸೇರಲಿಲ್ಲ. ಆ ವ್ಯಾಜ್ಯವನ್ನು ಇಲ್ಲಿ ಎಳೆಯುವ ಇಚ್ಛೆ ನನಗಿಲ್ಲ. ನನ್ನ ಮಾತಿಷ್ಟೆ: ಮೈಮೇಲಿನ ಬರೆಯನ್ನು ತೋರಿಸುತ್ತ ಬಿಕ್ಕಿ ಬಿಕ್ಕಿ ಕನ್ನಡದಲ್ಲಿ ಹೇಳುವ ಹೆಂಗಸಿನ ಮಾತನ್ನು ದುಭಾಷಿಯ ಬಾಯಿಂದ ಕೇಳಿ ಮರಾಠಿಯಲ್ಲಿ ದಾಖಲಿಸುವಾಗ ಕೇಸು ಅರ್ಧ ಸತ್ತಿರುತ್ತದೆ. ಅಲ್ಲಿಗೆ ನೇಮಿಸುವ ಅಧಿಕಾರಿಗೆ ಎರಡು ಭಾಷೆಗಳೂ ಬರಬೇಕು, ಅವನ ಜೊತೆಗೆ ಮಹಿಳಾ ಪೊಲೀಸರೂ ಇರಬೇಕು. ಅವನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನೂ ಹಳ್ಳಿಯ ಆಶಾ ಕಾರ್ಯಕರ್ತೆಯರನ್ನೂ ಬಲ್ಲವನಾಗಿರಬೇಕು. ಜೋಳದ ಹೊಲದಲ್ಲಿ ಹಾವು ಕಚ್ಚಿದಾಗ ಮಂತ್ರ ಹಾಕುವವನ ಮನೆಗೆ ಓಡುವ ಜನರ ಸುದ್ದಿ ಮೊದಲು ಮುಟ್ಟುವುದು ಇವರಿಗೆ. ಮತ್ತು ಈ ಹುದ್ದೆ, ಕೊಲೆ ಸುಲಿಗೆಗಳ ಕಡತಗಳಡಿಯಲ್ಲಿ ಹೂತುಹೋದ ನಿರೀಕ್ಷಕನ ಹೆಗಲಿಗೆ ಸುಮ್ಮನೆ ತಗಲಿಸಿದ ಹೆಚ್ಚುವರಿ ಹೊರೆಯಾಗಬಾರದು.

ಶಾಸನದಲ್ಲಿ ಇನ್ನೊಂದು ಉಪಯುಕ್ತವಾದ ಏರ್ಪಾಡುಂಟು. ಅಪರಾಧವು ಸಾಬೀತಾದ ಮೇಲೆ, ಅಪರಾಧಿಯ ಹೆಸರನ್ನೂ ಊರನ್ನೂ ಕೃತ್ಯ ನಡೆದ ಪ್ರದೇಶದ ವೃತ್ತಪತ್ರಿಕೆಯಲ್ಲಿ ಪೊಲೀಸರ ಮೂಲಕ ಪ್ರಕಟಿಸುವಂತೆ ನ್ಯಾಯಾಲಯವು ಆಜ್ಞಾಪಿಸಬಹುದು. ಅಕ್ಕಲಕೋಟೆ ಮತ್ತು ದಕ್ಷಿಣ ಸೊಲ್ಲಾಪುರದ ಪ್ರಕರಣಗಳಲ್ಲಿ ಆ ಪ್ರಕಟಣೆಯು ಮರಾಠಿ ಪತ್ರಿಕೆಗಳ ಜೊತೆಗೆ ಅಲ್ಲಿಗೆ ಬರುವ ಕನ್ನಡ ಪತ್ರಿಕೆಗಳಲ್ಲಿಯೂ ಅಚ್ಚಾಗಲಿ. ಗಡಿ ದಾಟಿ ಇಂಡಿ, ಆಳಂದ, ಅಫಜಲಪುರಗಳಲ್ಲಿ ಅದೇ ಅಂಗಡಿಯನ್ನು ಹೊಸ ಹೆಸರಿನಲ್ಲಿ ತೆರೆಯಬೇಕೆಂದಿರುವವನಿಗೆ ಅಲ್ಲಿನ ಓದುಗರು ಮೊದಲೇ ಕಾದಿರುತ್ತಾರೆ.