ವಿಡಿಯೊ ವೈರಲ್ ಆಯ್ತು, ಪ್ಲಾಟಿಂಗ್ ಆಗಲಿಲ್ಲ

ಆ ವಿಡಿಯೊ ನೀವೂ ನೋಡಿರ್ತೀರಿ. 2023ರ ಜುಲೈಯಲ್ಲಿ ಪುತ್ತೂರು ಶಾಸಕ ಅಶೋಕ್ ಕುಮಾರ್ ರೈ ವಿಧಾನಸಭೆಯಲ್ಲಿ ತುಳುವಿನಲ್ಲಿ ಮಾತಾಡಿದ್ದು, ಸ್ಪೀಕರ್ ಯು.ಟಿ. ಖಾದರ್ ತುಳುವಿನಲ್ಲೇ ಉತ್ತರಿಸಿದ್ದು. ನಮ್ಮ ಆಫೀಸಿನ ಕರಾವಳಿ ಗ್ರೂಪಿಗೆ ಅದು ಒಂದೇ ದಿನ ಹತ್ತು ಸಲ ಬಂತು. ನಾನೂ ಫಾರ್ವರ್ಡ್ ಮಾಡಿದೆ. ಖುಷಿಯೇ ಆಗಿತ್ತು ಮಾರ್ರೆ.

ಅದೇ ಸದನದಲ್ಲಿ ನಮ್ಮ ಕಡೆಯ ಶಾಸಕರು, ಯಾವ ಪಕ್ಷದವರೇ ಇರಲಿ, ಕುಮ್ಕಿ, ಪ್ಲಾಟಿಂಗ್ ಅಂತ ಎದ್ದು ನಿಂತರೆ ಗ್ರೂಪು ಗಪ್‌ಚಿಪ್. ಒಬ್ಬ ಬರೆದ, "ಎಂಎಲ್‌ಎ ಪಾಲಿಸಿ ಮಾತಾಡಬೇಕು, ತಾಲೂಕು ಆಫೀಸಿನ ಫೈಲಲ್ಲ." ಇನ್ನೊಬ್ಬನಿಗೆ ಸಾವಿರದ ಇನ್ನೂರು ರೂಪಾಯಿ ಪೆನ್ಶನ್ ಅಂದರೆ ಓಟಿನ ಬಿಟ್ಟಿ ಭಾಗ್ಯ. ಇಬ್ಬರೂ ಹಳ್ಳಿಯಿಂದ ಬಂದವರೇ, ಬೇಜಾರು ಅದಕ್ಕೆ.

ಅಲ್ಲ, ಪಾಲಿಸಿ ಇರುವುದೇ ಆ ಫೈಲಿನಲ್ಲಿ. ಕುಮ್ಕಿಯನ್ನೇ ತಗೊಳ್ಳಿ. ವರ್ಗ ಜಾಗಕ್ಕೆ ತಾಗಿದ ಸರ್ಕಾರಿ ಜಾಗದಿಂದ ಸೊಪ್ಪು, ಸೌದೆ ತರುವ ಸವಲತ್ತು ಬ್ರಿಟಿಷರ ಕಾಲದ್ದು. 1964ರ ಭೂಕಂದಾಯ ಕಾಯ್ದೆಯ 79ನೇ ಕಲಂ ಅದನ್ನು ಮುಂದುವರಿಸಿತು, ಆದರೆ ಒಡೆತನ ಕೊಡಲಿಲ್ಲ. ತಲೆಮಾರಿನಿಂದ ಅಡಿಕೆ ಬೆಳೆದವನೂ ಕಾಗದದಲ್ಲಿ ಸರ್ಕಾರಿ ಜಾಗದಲ್ಲೇ ನಿಂತವ. ಇದನ್ನು ಬದಲಿಸಬೇಕೋ ಬೇಡವೋ ಅಂತ ವಿಧಾನಸಭೆಯಲ್ಲಿ ಅಲ್ಲದೆ ಮತ್ತೆಲ್ಲಿ ಕೇಳುವುದು?

ಪ್ಲಾಟಿಂಗ್ ಕತೆ ಇನ್ನೂ ಕಷ್ಟ. ಒಂದೇ ಸರ್ವೆ ನಂಬರಿನಲ್ಲಿ ಹಲವರಿಗೆ ಜಾಗ ಮಂಜೂರಾಗಿರ್ತದೆ, ಅಳೆದು ಬೇರೆ ಮಾಡಿರುವುದಿಲ್ಲ. ನಮ್ಮ ಅಪ್ಪನದ್ದೂ ಹಾಗೇ. ಆರ್‌ಟಿಸಿಯಲ್ಲಿ ಹೆಸರು ಉಂಟು, ಗಡಿ ಇಲ್ಲ. ಪಾಲು ಮಾಡಲಿಕ್ಕಿಲ್ಲ, ಮಾರಲಿಕ್ಕಿಲ್ಲ. ನಾನು ಇಲ್ಲಿ ಫ್ಲ್ಯಾಟಿಗೆ ಹೋಮ್ ಲೋನನ್ನು ಮೊಬೈಲಿನಲ್ಲೇ ಅರ್ಜಿ ಹಾಕಿ ಪಡೆದೆ. ಅಪ್ಪ ಮಾತ್ರ ಇನ್ನೂ ಕಡತ ಹಿಡಿದು ಬಸ್ಸು ಹತ್ತುತ್ತಾರೆ.

ಇನ್ನು ಬಿಟ್ಟಿ ಭಾಗ್ಯ. ಪಕ್ಕದ ಮನೆಯ ಅಜ್ಜಿಗೆ ಸಂಧ್ಯಾ ಸುರಕ್ಷಾ ನಿಂತು ನಾಲ್ಕು ತಿಂಗಳಾಗಿತ್ತು. ಕಾರಣ, ಖಾತೆಗೆ ಆಧಾರ್ ಮ್ಯಾಪಿಂಗ್ ತಪ್ಪಿತ್ತು. ಅವರಿಗೆ ಅದನ್ನು ಹೇಳಿದವರೇ ಇಲ್ಲ. ಇಂಥ ಸಿಸ್ಟಮ್ ಕಟ್ಟುವವರು ನಮ್ಮಂಥವರೇ, ಎರರ್ ಮೆಸೇಜು ಅಜ್ಜಿಗೂ ಅರ್ಥವಾಗಬೇಕು ಅಂತ ನಮಗೆ ಹೊಳೆಯುವುದಿಲ್ಲ. ವೃದ್ಧಾಪ್ಯ ವೇತನದಲ್ಲಿ ಕೇಂದ್ರದ ಪಾಲು 80 ದಾಟದವರಿಗೆ ತಿಂಗಳಿಗೆ ಈಗಲೂ 200 ರೂಪಾಯಿ. ನಮ್ಮ ಒಂದು ಪಿಜ್ಜಾಕ್ಕೆ ಸಾಲುವುದಿಲ್ಲ.

ಹಾಗಂತ ಶಾಸಕರಿಗೆ ಸನ್ಮಾನ ಮಾಡಿ ಅಂತ ನಾನು ಹೇಳುತ್ತಿಲ್ಲ. ಸುಳ್ಯ 1994ರಿಂದ ಆರು ಸಲ ಎಸ್. ಅಂಗಾರರನ್ನೇ ಗೆಲ್ಲಿಸಿತು, ಪುತ್ತೂರು 2023ರಲ್ಲಿ ಪಕ್ಷವನ್ನೇ ಬದಲಿಸಿತು, ಕಡಬ ಹೊಸ ತಾಲೂಕೇ ಆಯಿತು. ಅಪ್ಪನ ಕಡತ ಇದ್ದಲ್ಲೇ ಉಂಟು. ಸದನದಲ್ಲಿ ಪ್ರಶ್ನೆ ಎತ್ತುವುದು, ಮಂತ್ರಿಗಳು "ಪರಿಶೀಲಿಸಲಾಗುವುದು" ಅನ್ನುವುದು, ಅಲ್ಲಿಗೆ ಟಿಕೆಟ್ ಕ್ಲೋಸ್. ನಮ್ಮ ಕಂಪನಿಯಲ್ಲಿ ಹೀಗೆ ಕ್ಲೋಸ್ ಮಾಡಿದರೆ ಮರುದಿನವೇ ಮ್ಯಾನೇಜರ್ ರೀಓಪನ್ ಮಾಡ್ತಾನೆ. ಇಲ್ಲಿ ರೀಓಪನ್ ಮಾಡಬೇಕಾದವರು ವಿಡಿಯೊ ನೋಡಿ ನಗುತ್ತಾ ಕೂತಿದ್ದೇವೆ.

ಮುಂದಿನ ಅಧಿವೇಶನದಲ್ಲಿ ಭೂಮಿ, ಪೆನ್ಶನ್ ಬಗ್ಗೆ ಬರುವ ಲಿಖಿತ ಉತ್ತರಗಳನ್ನು ನಾನು ಗ್ರೂಪಿಗೆ ಹಾಕ್ತೇನೆ. ಮ್ಯೂಟ್ ಮಾಡಬೇಡಿ.