ಮದ್ದಿಗಿಂತ ಮೊದಲು ಒಲೆ



ಕೆಮ್ಮು, ದಮ್ಮು, ಕಣ್ಣುರಿ, ತಲೆಶೂಲೆ ಎಂದು ಹೇಳಿಕೊಂಡು ಬರುವ ಹಳ್ಳಿಯ ತಾಯಂದಿರನ್ನು ಪರೀಕ್ಷಿಸುವಾಗ ವೈದ್ಯನಾದವನು ನಾಡಿ ಹಿಡಿಯುವುದರ ಜೊತೆಗೆ ಒಂದು ಪ್ರಶ್ನೆಯನ್ನು ತಪ್ಪದೇ ಕೇಳಬೇಕು: "ತಾಯಿ, ಮನೆಯಲ್ಲಿ ಅಡುಗೆ ಯಾವುದರ ಮೇಲೆ?" ಹೆಚ್ಚಿನವರು ಮೊದಲು ಗ್ಯಾಸ್ ಇದೆ ಎನ್ನುತ್ತಾರೆ. ಇನ್ನೊಂದು ಮಾತು ಕೇಳಿದರೆ ನಿಜ ಹೊರಬರುತ್ತದೆ. ಸಿಲಿಂಡರ್ ಇದೆ, ಅದರ ಮೇಲೆ ಒಗೆದ ಬಟ್ಟೆಯನ್ನು ಹೊದಿಸಿ ಮೂಲೆಯಲ್ಲಿ ಇಟ್ಟಿದ್ದಾರೆ. ನೆಂಟರು ಬಂದಾಗ ಚಹಾ ಕಾಸಲು ಮಾತ್ರ ಹಚ್ಚುತ್ತಾರೆ. ರೊಟ್ಟಿ, ಅನ್ನ, ಬೇಳೆ, ಸ್ನಾನದ ನೀರು ಎಲ್ಲವೂ ಕಟ್ಟಿಗೆಯ ಒಲೆಯ ಮೇಲೆಯೇ. ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಜಾಲಿ, ಕುಳ್ಳು ಇವೇ ಇಂಧನ.

ಶ್ರೀಮಠದ ಭಕ್ತರ ಮುಂದೆ ಈ ವಿಷಯವನ್ನು ಇಡಲು ಕಾರಣವಿದೆ. ಬಡವರ ಮನೆಯ ಇಂಧನದ ಖರ್ಚನ್ನು ನಾವು ಇಲ್ಲಿಯವರೆಗೆ ಅವರ ಸಂಸಾರದ ಲೆಕ್ಕವೆಂದೋ ಸರಕಾರದ ಲೆಕ್ಕವೆಂದೋ ಬಿಟ್ಟಿದ್ದೇವೆ. ಅದು ಆರೋಗ್ಯದ ಲೆಕ್ಕವೂ ಹೌದು, ದಾಸೋಹದ ಲೆಕ್ಕವೂ ಹೌದು ಎಂಬುದು ನನ್ನ ನಿಲುವು.

ಹೊಗೆಯ ಬಗ್ಗೆ ಶಾಸ್ತ್ರ ಹೇಳುವುದೇನು?

ಚರಕಾಚಾರ್ಯರು ಶ್ವಾಸರೋಗದ ಕಾರಣಗಳನ್ನು ಎಣಿಸುವಾಗ ಧೂಳು ಮತ್ತು ಹೊಗೆಯನ್ನು ಆರಂಭದಲ್ಲಿಯೇ ಹೇಳುತ್ತಾರೆ. ತಮಕ ಶ್ವಾಸವು ಮೋಡ, ಮಳೆ, ಚಳಿ, ಮೂಡಣ ಗಾಳಿಗಳಿಂದ ಉಲ್ಬಣಿಸುತ್ತದೆ ಎಂಬುದೂ ಅವರ ನಿರೂಪಣೆಯಲ್ಲಿದೆ. ಸುಶ್ರುತಾಚಾರ್ಯರು ಸೂತ್ರಸ್ಥಾನದಲ್ಲಿ ಅಗ್ನಿಕರ್ಮವನ್ನು ವಿವರಿಸುವ ಅಧ್ಯಾಯದಲ್ಲಿಯೇ ಹೊಗೆಯಿಂದ ಪೀಡಿತನಾದವನ ಲಕ್ಷಣಗಳನ್ನು ಪ್ರತ್ಯೇಕವಾಗಿ ಬರೆದಿದ್ದಾರೆ. ಉಸಿರುಗಟ್ಟುವಿಕೆ, ಸೀನು, ಕೆಮ್ಮು, ಕಣ್ಣುಗಳಲ್ಲಿ ಉರಿ ಮತ್ತು ಕೆಂಪು, ಬೇರೆ ವಾಸನೆ ತಿಳಿಯದಿರುವುದು, ರುಚಿಗೇಡು ಎಲ್ಲವೂ ಅಲ್ಲಿವೆ. ನಮ್ಮ ಪೂರ್ವಾಚಾರ್ಯರಿಗೆ ಅಡುಗೆಮನೆಯ ಹೊಗೆ ನಿರುಪದ್ರವಿಯಾಗಿ ಕಂಡಿರಲಿಲ್ಲ.

"ಆಯುರ್ವೇದದಲ್ಲಿ ಧೂಮಪಾನ ಚಿಕಿತ್ಸೆಯೇ ಇದೆಯಲ್ಲ, ನಮ್ಮ ಅಜ್ಜಿಯರು ಹೊಗೆಯಲ್ಲೇ ಬಾಳಿ ನೂರು ವರ್ಷ ಬದುಕಲಿಲ್ಲವೆ" ಎಂದು ಕೇಳುವವರಿದ್ದಾರೆ. ಚಿಕಿತ್ಸೆಯ ಧೂಮವು ಆಯ್ದ ದ್ರವ್ಯಗಳಿಂದ, ನಿಶ್ಚಿತ ಕಾಲದಲ್ಲಿ, ನಿಶ್ಚಿತ ಪ್ರಮಾಣದಲ್ಲಿ, ರೋಗಿಯ ಬಲಾಬಲ ನೋಡಿ ಕೊಡುವ ಮದ್ದು. ದಿನಕ್ಕೆ ಮೂರು ನಾಲ್ಕು ತಾಸು, ಹಸಿ ಕಟ್ಟಿಗೆಯ ಮುಂದೆ ಬಗ್ಗಿ ಕುಳಿತು ಊದುಗೊಳವೆ ಊದುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಇನ್ನು ಅಜ್ಜಿಯರ ಮಾತು: ನೂರು ವರ್ಷ ಬಾಳಿದ ಅಜ್ಜಿ ನಮಗೆ ನೆನಪಿರುತ್ತಾಳೆ, ನಲವತ್ತೈದಕ್ಕೇ ದಮ್ಮು ಹತ್ತಿ ಹೋದವಳನ್ನು ಯಾರೂ ಎಣಿಸಿಡಲಿಲ್ಲ.

ಆಧುನಿಕ ವಿಜ್ಞಾನ ಎಣಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರ ಒಂದೇ ವರ್ಷದಲ್ಲಿ ಮನೆಯೊಳಗಿನ ಹೊಗೆಯ ಮಾಲಿನ್ಯದಿಂದ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ತೀರಿಕೊಂಡರು. ಅವರಲ್ಲಿ 2.37 ಲಕ್ಷಕ್ಕೂ ಹೆಚ್ಚು ಮಂದಿ ಐದು ವರ್ಷದೊಳಗಿನ ಮಕ್ಕಳು. ಜೀವಮಾನದಲ್ಲಿ ಬೀಡಿ ಮುಟ್ಟದ ಹೆಂಗಸಿಗೆ ಬೀಡಿ ಸೇದುವವರ ಪುಪ್ಪುಸರೋಗ ಬರುವುದು, ಕಣ್ಣಿಗೆ ಪೊರೆ ಬೇಗ ಕಟ್ಟುವುದು, ಗರ್ಭಿಣಿಯ ಕೂಸು ಕಡಿಮೆ ತೂಕದಲ್ಲಿ ಹುಟ್ಟುವುದು, ಹೃದಯಕ್ಕೆ ಘಾತವಾಗುವುದು ಇವೆಲ್ಲಕ್ಕೂ ಒಲೆಯ ಹೊಗೆ ಕಾರಣವಾಗಬಲ್ಲದು. ತಾಯಿಯ ಬೆನ್ನಿಗೋ ಮಡಿಲಿಗೋ ಅಂಟಿಕೊಂಡ ಮಗುವೂ ಅದೇ ಹೊಗೆಯನ್ನು ಉಸಿರಾಡುತ್ತದೆ.

ಸಿಲಿಂಡರ್ ಇದ್ದೂ ಒಲೆ ಆರದಿರುವುದೇಕೆ?

2016ರ ಮೇ 1ರಂದು ಆರಂಭವಾದ ಉಜ್ವಲ ಯೋಜನೆಯಲ್ಲಿ ಈವರೆಗೆ ದೇಶದ 10 ಕೋಟಿಗೂ ಹೆಚ್ಚು ಬಡ ಮನೆಗಳಿಗೆ ಅಡುಗೆ ಅನಿಲದ ಸಂಪರ್ಕ ದೊರೆತಿದೆ. ಇದು ದೊಡ್ಡ ಕೆಲಸ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಸಂಪರ್ಕ ಬೇರೆ, ಬಳಕೆ ಬೇರೆ. ನಾಲ್ಕೈದು ಜನರ ಮನೆಯಲ್ಲಿ ಎಲ್ಲ ಅಡುಗೆಯನ್ನೂ ಅನಿಲದ ಮೇಲೆಯೇ ಮಾಡಿದರೆ 14.2 ಕಿಲೋಗ್ರಾಮಿನ ಸಿಲಿಂಡರ್ ಒಂದು, ಹೆಚ್ಚೆಂದರೆ ಒಂದೂವರೆ ತಿಂಗಳು ಬರುತ್ತದೆ. ವರ್ಷಕ್ಕೆ ಎಂಟಾದರೂ ಬೇಕು. ಉಜ್ವಲ ಫಲಾನುಭವಿಗಳು ತುಂಬಿಸಿಕೊಳ್ಳುವುದು ಸರಾಸರಿ ನಾಲ್ಕರ ಆಸುಪಾಸು. ಅರ್ಧ ವರ್ಷ ಒಲೆ ಉರಿಯುತ್ತಲೇ ಇರುತ್ತದೆ ಎಂದಾಯಿತು.

ಇದಕ್ಕೆ ಅಜ್ಞಾನ ಕಾರಣವೆಂದು ಓದಿದವರು ಸುಲಭವಾಗಿ ಹೇಳಿಬಿಡುತ್ತಾರೆ. ಹೊಗೆ ಕೆಟ್ಟದ್ದೆಂದು ಆ ತಾಯಿಗೆ ನಮಗಿಂತ ಚೆನ್ನಾಗಿ ಗೊತ್ತು. ಕಷ್ಟವಿರುವುದು ಹಣ ಬರುವ ರೀತಿಯಲ್ಲಿ. ಕೂಲಿಯ ಹಣ ದಿನದಿನಕ್ಕೆ ಚಿಲ್ಲರೆಯಾಗಿ ಬರುತ್ತದೆ. ಸಿಲಿಂಡರ್ ಒಂದೇ ಗಂಟಿನಲ್ಲಿ ಹಣ ಕೇಳುತ್ತದೆ. 2023ರ ಅಕ್ಟೋಬರಿನಿಂದ ಉಜ್ವಲ ಮನೆಗಳಿಗೆ ಸಿಲಿಂಡರಿಗೆ 300 ರೂಪಾಯಿ ಸಹಾಯಧನವಿದೆ. ಆದರೆ ಪೂರ್ತಿ ಬೆಲೆಯನ್ನು ಮೊದಲು ಕೊಡಬೇಕು, ಸಹಾಯಧನ ಆಮೇಲೆ ಬ್ಯಾಂಕಿನ ಖಾತೆಗೆ ಜಮೆಯಾಗಬೇಕು. ಕಟ್ಟಿಗೆಗಾದರೋ ರೊಕ್ಕವಿಲ್ಲ, ಹೊಲದಿಂದ ಬರುವಾಗ ತಲೆಯ ಮೇಲೆ ಒಂದು ಹೊರೆ ಬರುತ್ತದೆ. ಅದರ ಬೆಲೆಯನ್ನು ಆಕೆಯ ಪುಪ್ಪುಸಗಳು ಕೊಡುತ್ತವೆ.

ಈ ಕೊರತೆ ಎಲ್ಲ ಕಾಲದಲ್ಲೂ ಒಂದೇ ಸಮನಾಗಿರುವುದಿಲ್ಲ. ಆಷಾಢದಿಂದ ಭಾದ್ರಪದದವರೆಗಿನ ಮೂರು ತಿಂಗಳು ಎಲ್ಲವೂ ಒಟ್ಟಿಗೆ ಕೂಡಿಬರುತ್ತವೆ. ಮಳೆ ಹಿಡಿದ ದಿನ ಕೂಲಿಯಿಲ್ಲ. ಕಟ್ಟಿಗೆ, ಕುಳ್ಳು ತೊಯ್ದಿರುತ್ತವೆ, ಹೊಗೆ ಇಮ್ಮಡಿಯಾಗುತ್ತದೆ. ಗಾಳಿಮಳೆಗೆ ಬೆಳಕಿಂಡಿಯನ್ನೂ ಮುಚ್ಚಿರುತ್ತಾರೆ. ವರ್ಷಾಋತುವಿನಲ್ಲಿ ಸಹಜವಾಗಿಯೇ ವಾತಪ್ರಕೋಪ, ಅಗ್ನಿಮಾಂದ್ಯ. ಆ ತಿಂಗಳುಗಳಲ್ಲಿ ನಮ್ಮ ಚಿಕಿತ್ಸಾಲಯಗಳು ದಮ್ಮಿನ ರೋಗಿಗಳಿಂದ ತುಂಬುವುದಕ್ಕೆ ಮಳೆಗಾಲದ ಹವೆಯೊಂದೇ ಕಾರಣವಲ್ಲ.

ಬೆಳಕಿನ ಬಿಲ್ಲಿನ ಇನ್ನೊಂದು ಮುಖ

"ಗೃಹಜ್ಯೋತಿ ಬಂದಿದೆ, ಕರೆಂಟು ಪುಕ್ಕಟೆ, ಇನ್ನೇನು ಬೇಕು?" ಎಂಬ ಮಾತೂ ಕೇಳಿಬರುತ್ತದೆ. 2023ರ ಆಗಸ್ಟಿನಲ್ಲಿ ಜಾರಿಯಾದ ಈ ಯೋಜನೆಯಿಂದ ಲಕ್ಷಾಂತರ ಮನೆಗಳಿಗೆ ನೆಮ್ಮದಿ ಸಿಕ್ಕಿದೆ. ಆದರೆ ಎಲ್ಲರಿಗೂ 200 ಯೂನಿಟ್ ಉಚಿತವೆಂದು ಅನೇಕರು ತಿಳಿದಿದ್ದಾರೆ, ಹಾಗಿಲ್ಲ. ಆ ಮನೆಯ ಹಿಂದಿನ ಸರಾಸರಿ ಬಳಕೆ ಮತ್ತು ಅದರ ಮೇಲೆ ಸ್ವಲ್ಪ ಹೆಚ್ಚುವರಿ, ಇಷ್ಟಕ್ಕೆ ಮಾತ್ರ ಉಚಿತ. ಅದನ್ನು ಮೀರಿದ ಯೂನಿಟ್‌ಗಳಿಗೆ ಹಣ ಕಟ್ಟಬೇಕು. ತಿಂಗಳಿಗೆ 200 ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು.

ಆರೋಗ್ಯವಂತರ ಮನೆಗೆ ಇದು ಸಾಕು. ರೋಗಿಯ ಮನೆಗೆ ಸಾಲದು. ದೀರ್ಘಕಾಲದ ಹೊಗೆಯಿಂದ ಪುಪ್ಪುಸ ಕೆಟ್ಟ ವೃದ್ಧೆಗೆ ಆಸ್ಪತ್ರೆಯಲ್ಲಿ ಮನೆಯಲ್ಲೇ ಆಕ್ಸಿಜನ್ ಯಂತ್ರ ಇಟ್ಟುಕೊಳ್ಳಲು ಹೇಳಿದರೆನ್ನಿ. ಸಾಧಾರಣ ಯಂತ್ರವೊಂದು ಸುಮಾರು 350 ವ್ಯಾಟ್ ವಿದ್ಯುತ್ತನ್ನು ಎಳೆಯುತ್ತದೆ. ದಿನಕ್ಕೆ 12 ತಾಸು ನಡೆಸಿದರೆ 4.2 ಯೂನಿಟ್, ತಿಂಗಳಿಗೆ 126 ಯೂನಿಟ್. ಮೊದಲು 50–60 ಯೂನಿಟ್ ಸುಡುತ್ತಿದ್ದ ಆ ಮನೆಗೆ ಈ ಹೆಚ್ಚಳದ ಬಹುಪಾಲು ಬಿಲ್ಲಾಗಿ ಬರುತ್ತದೆ. ಯೂನಿಟ್‌ಗೆ ಆರು ರೂಪಾಯಿಯಂತೆ ಹಿಡಿದರೂ ಏಳುನೂರು ರೂಪಾಯಿ ದಾಟುತ್ತದೆ. ದಿನದ 24 ತಾಸೂ ನಡೆಸಬೇಕಾದರೆ ಯಂತ್ರವೊಂದಕ್ಕೇ 252 ಯೂನಿಟ್. ಉಚಿತದ ಆಸರೆಯೇ ಹೋಯಿತು. ಆಗ ಮನೆಯವರು ಮಾಡುವುದೇನು? ಅಜ್ಜಿ ನಿದ್ದೆ ಹೋದ ಮೇಲೆ ಯಂತ್ರ ಆರಿಸುತ್ತಾರೆ. ಒಲೆಯ ಮುಂದೆ ಉಸಿರು ಕಳೆದುಕೊಂಡ ತಾಯಿಗೆ ಕೊನೆಗಾಲದಲ್ಲಿ ಆ ಉಸಿರಿಗೂ ಬಿಲ್ಲು ಬರುತ್ತದೆ.

ಮದ್ದು ಕೊಟ್ಟು ಕಾರಣವನ್ನು ಬಿಟ್ಟರೆ?

ಆಯುರ್ವೇದದ ಚಿಕಿತ್ಸಾಕ್ರಮದಲ್ಲಿ ಮೊದಲ ಮೆಟ್ಟಿಲು ನಿದಾನ ಪರಿವರ್ಜನ, ಅಂದರೆ ರೋಗಕ್ಕೆ ಕಾರಣವಾದುದನ್ನು ದೂರಮಾಡುವುದು. ಉಳಿದ ಔಷಧಿ, ಪಥ್ಯ, ಶೋಧನಗಳೆಲ್ಲ ಅದರ ನಂತರ. ಜಾತ್ರೆಯಲ್ಲಿ, ಜಯಂತಿಗಳಲ್ಲಿ ನಾವು ಉಚಿತ ಆರೋಗ್ಯ ಶಿಬಿರ ನಡೆಸುತ್ತೇವೆ. ಆಡುಸೋಗೆಯ ಕಷಾಯ, ಸಿತೋಪಲಾದಿ ಚೂರ್ಣ, ತಾಳೀಸಾದಿ ಚೂರ್ಣ ಹಂಚುತ್ತೇವೆ. ಆ ತಾಯಿ ಕೈಮುಗಿದು ತೆಗೆದುಕೊಂಡು ಹೋಗಿ ಅದೇ ಸಂಜೆ ಅದೇ ಒಲೆಯ ಮುಂದೆ ಕೂರುತ್ತಾಳೆ. ಚೂರ್ಣ ಹದಿನೈದು ದಿನಕ್ಕೆ ಮುಗಿಯುತ್ತದೆ, ಹೊಗೆ ಮುಗಿಯುವುದಿಲ್ಲ. ಶಿಬಿರಗಳು ಬೇಡವೆಂದು ನಾನು ಹೇಳುತ್ತಿಲ್ಲ. ಶಿಬಿರದ ಶಾಮಿಯಾನ, ಫ್ಲೆಕ್ಸು, ಹಾರ ತುರಾಯಿಗಳ ಖರ್ಚಿನಲ್ಲಿ ಒಂದು ಭಾಗವನ್ನು ಉಳಿಸಿ ರೋಗದ ಬೇರಿಗೆ ಬಳಸೋಣವೆಂದು ಹೇಳುತ್ತಿದ್ದೇನೆ.

ನನ್ನ ಸಲಹೆ ಸರಳವಾದುದು. ಶ್ರೀಮಠದ ಪ್ರತಿಯೊಂದು ಊರಿನ ಭಕ್ತಮಂಡಳಿಯೂ ತನ್ನೂರಿನ ಹತ್ತು ಮನೆಗಳನ್ನು ಆರಿಸಲಿ. ಜಾತಿಮತ ಕೇಳುವುದು ಬೇಡ. ದಮ್ಮು ಅಥವಾ ಕ್ಷಯದಿಂದ ಬಳಲುವವರು, ಗರ್ಭಿಣಿ ಬಾಣಂತಿಯರು, ಐದು ವರ್ಷದೊಳಗಿನ ಮಕ್ಕಳು, ಹಾಸಿಗೆ ಹಿಡಿದ ವೃದ್ಧರು ಇರುವ ಬಡ ಮನೆಗಳಿಗೆ ಮೊದಲ ಆದ್ಯತೆ ಇರಲಿ. ಮಳೆಗಾಲದ ಮೂರು ತಿಂಗಳಿಗೆ ಮೂರು ಸಿಲಿಂಡರಿನ ಹಣವನ್ನು ಮಂಡಳಿಯೇ ನೇರವಾಗಿ ಗ್ಯಾಸ್ ಏಜೆನ್ಸಿಗೆ ಆ ಮನೆಯ ಹೆಸರಿನಲ್ಲಿ ಕಟ್ಟಲಿ. ಉಜ್ವಲ ಮನೆಯಾದರೆ ಸಿಲಿಂಡರಿಗೆ 300ರಂತೆ ಮೂರಕ್ಕೆ 900 ರೂಪಾಯಿ ಸಹಾಯಧನ ಆ ತಾಯಿಯ ಖಾತೆಗೇ ಬರುತ್ತದೆ. ಅದನ್ನು ಆಕೆ ತೆಗೆಯದೆ ಇಟ್ಟುಕೊಂಡರೆ ನಾಲ್ಕನೆಯ ಸಿಲಿಂಡರಿಗೆ ಬೇಕಾದ ಗಂಟು ಆಕೆಯ ಕೈಯಲ್ಲೇ ಕೂಡುತ್ತದೆ, ಮುಂದೆ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಒಮ್ಮೆಗೆ ಅಷ್ಟು ಹಣ ಹೊಂದಿಸಲಾಗದವರಿಗೆ 5 ಕಿಲೋಗ್ರಾಮಿನ ಚಿಕ್ಕ ಸಿಲಿಂಡರ್ ಕೂಡ ಇದೆ, ಅದನ್ನು ತಿಳಿಸಿಕೊಡಬೇಕು.

ಹಣಕ್ಕಿಂತ ಮೊದಲು ಕಾಗದಪತ್ರದ ಸಹಾಯ ಬೇಕಾದ ಮನೆಗಳೂ ಉಂಟು. ಆಧಾರ್ ಜೋಡಣೆಯಾಗದೆ, ಖಾತೆ ನಿಂತುಹೋಗಿ ಸಹಾಯಧನ ಬಾರದಿರುವವರು, ಬಾಡಿಗೆ ಮನೆಯವರಾದ್ದರಿಂದ ಗೃಹಜ್ಯೋತಿ ತಮಗಿಲ್ಲವೆಂದು ಸುಮ್ಮನಿರುವವರು ಇದ್ದಾರೆ. ಓದು ಬಲ್ಲ ಯುವಭಕ್ತರು ಒಂದು ಭಾನುವಾರ ಕುಳಿತು ಇವನ್ನು ಸರಿಪಡಿಸಿಕೊಟ್ಟರೆ ಅದೂ ಸೇವೆಯೇ. ಆಕ್ಸಿಜನ್ ಯಂತ್ರವಿರುವ ಮನೆಯ ವಿದ್ಯುತ್ ಬಿಲ್ಲನ್ನು ಮಾತ್ರ ತಿಂಗಳು ತಿಂಗಳೂ ಮಂಡಳಿ ವಹಿಸಿಕೊಳ್ಳಬೇಕು; ಅಂತಹ ಮನೆ ಊರಿಗೆ ಒಂದೋ ಎರಡೋ.

ಕಟ್ಟಿಗೆ ಒಲೆ ಪೂರ್ತಿ ಆರುವುದು ಕೆಲವು ಮನೆಗಳಲ್ಲಿ ಸಾಧ್ಯವಾಗದು. ಅಲ್ಲಿ ಒಲೆಯನ್ನು ಸುಧಾರಿಸಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ಅಸ್ತ್ರ ಕೇಂದ್ರದವರು ರೂಪಿಸಿದ 'ಅಸ್ತ್ರ ಒಲೆ' ನಮ್ಮ ನಾಡಿನ ಹಿರಿಯರಿಗೆ ಪರಿಚಿತ. ಕಟ್ಟಿಗೆಯನ್ನೂ ಉಳಿಸಿ, ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಕಳಿಸುವ ಒಲೆ ಅದು. ಎರಡು ಮೂರು ದನಗಳಿರುವ ಮನೆಗೆ ಗೋಬರ್ ಗ್ಯಾಸ್ ಆಗಬಹುದು. ಇದಾವುದೂ ಆಗದಿದ್ದರೆ ಕಟ್ಟಿಗೆಯನ್ನು ಬೇಸಿಗೆಯಲ್ಲೇ ಒಣಗಿಸಿ ಸೂರಿನಡಿ ಇಡುವುದು, ನೀರು ಕಾಯಿಸುವ ಹಂಡೆಯನ್ನು ಮನೆಯ ಹೊರಗೆ ಹೂಡುವುದು, ಅಡುಗೆಯ ಹೊತ್ತಿಗೆ ಕೂಸನ್ನು ಬೇರೆಯವರ ಕೈಗೆ ಕೊಡುವುದು ಇಷ್ಟನ್ನಾದರೂ ಪಾಲಿಸಬೇಕು.

ಇದು ದಾನವಲ್ಲ, ದಾಸೋಹ

"ಹೀಗೆ ಕೊಡುತ್ತ ಹೋದರೆ ಜನ ಸೋಮಾರಿಗಳಾಗುವುದಿಲ್ಲವೆ? ಕಾಯಕದ ತತ್ತ್ವಕ್ಕೆ ಇದು ಒಪ್ಪುವುದೆ?" ಇದು ಪ್ರಾಮಾಣಿಕವಾದ ಆಕ್ಷೇಪ, ಉತ್ತರ ಹೇಳಬೇಕು. ಬೆಳಗಿನ ಜಾವ ಎದ್ದು ರೊಟ್ಟಿ ಬಡಿದು, ಹೊಲದಲ್ಲಿ ಸಂಜೆಯವರೆಗೆ ದುಡಿದು, ಹೊರೆ ಹೊತ್ತು ತಂದು ಮತ್ತೆ ಒಲೆ ಹಚ್ಚುವವಳನ್ನು ಸೋಮಾರಿ ಎನ್ನಲು ನಮಗೆ ಅಧಿಕಾರವಿಲ್ಲ. ಕಾಯಕಕ್ಕೆ ಕಾಯ ಬೇಕು. ಉಸಿರು ನಿಲ್ಲದ ದೇಹ ಯಾವ ಕಾಯಕ ಮಾಡೀತು? ಅವಳ ದುಡಿಮೆಯ ಶಕ್ತಿಯನ್ನು ಉಳಿಸುವ ನೆರವು ಕಾಯಕಕ್ಕೆ ಬೆಂಬಲವೇ ಹೊರತು ವಿರೋಧವಲ್ಲ.

ಆದರೆ ಕೊಡುವ ರೀತಿಯಲ್ಲಿ ಎಚ್ಚರ ಬೇಕು. ಕಟ್ಟಿಗೆಯ ವಿಷಯ ಬಂದಾಗ ನಮಗೆ ಮೋಳಿಗೆಯ ಮಾರಯ್ಯ ಶರಣರು ನೆನಪಾಗಬೇಕು. ಕಾಶ್ಮೀರದ ಅರಸೊತ್ತಿಗೆಯನ್ನು ಬಿಟ್ಟು ಪತ್ನಿ ಮಹಾದೇವಿಯೊಡನೆ ಕಲ್ಯಾಣಕ್ಕೆ ಬಂದು, ಕಟ್ಟಿಗೆಯ ಹೊರೆ ಮಾರಿ ಜಂಗಮ ದಾಸೋಹ ನಡೆಸಿದವರು ಅವರು ಎಂಬುದು ಪರಂಪರೆಯ ಕಥನ. ಅವರ ಬಡತನಕ್ಕೆ ಮರುಗಿ ಬಸವಣ್ಣನವರು ಮನೆಯಲ್ಲಿ ಗುಟ್ಟಾಗಿ ಹೊನ್ನು ಇಟ್ಟು ಬಂದರೆ, ಮಾರಯ್ಯನವರು ಅದನ್ನು ತಮ್ಮದಾಗಿಸಿಕೊಳ್ಳಲಿಲ್ಲ. ದುಡಿದು ಉಣ್ಣುವವನ ಸ್ವಾಭಿಮಾನ ಅಷ್ಟು ಸೂಕ್ಷ್ಮ. ಪ್ರೀತಿಯಿಂದ ಕೊಟ್ಟದ್ದೂ ನೋಯಿಸಬಲ್ಲದು. ಆದ್ದರಿಂದ ಸಿಲಿಂಡರಿನ ಪಕ್ಕ ಆ ತಾಯಿಯನ್ನು ನಿಲ್ಲಿಸಿ ಫೋಟೋ ತೆಗೆಯಬಾರದು, ವೇದಿಕೆಗೆ ಕರೆಯಬಾರದು, ಹೆಸರಿನ ಪಟ್ಟಿಯನ್ನು ಗೋಡೆಗೆ ಹಚ್ಚಬಾರದು. ಕೊಡುವವನಲ್ಲಿ 'ನಾನು' ಇದ್ದರೆ ಅದು ದಾನ. ಕೊಡುವವನೇ ದಾಸನಾದರೆ ದಾಸೋಹ.

ನಮ್ಮ ಮಠಗಳ ಜೋಳಿಗೆ ಒಂದೇ ವಸ್ತುವಿಗೆ ಕಟ್ಟುಬಿದ್ದದ್ದಲ್ಲ. ಅದು ಧಾನ್ಯ ಬೇಡಿ ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟಿದೆ. ಇಳಕಲ್ಲಿನ ಡಾ. ಮಹಾಂತ ಶ್ರೀಗಳು ಅದೇ ಜೋಳಿಗೆಯನ್ನು ಹಿಡಿದು ಜನರ ದುಶ್ಚಟಗಳನ್ನು ಬೇಡಿದರು. ಕಾಲಕ್ಕೆ ತಕ್ಕ ಬೇಡಿಕೆಯನ್ನು ಜೋಳಿಗೆ ಅರಿಯಬಲ್ಲದು. ಇಂದು ಪಡಿತರದಿಂದ ಅಕ್ಕಿ ಹೇಗೋ ಮನೆಗೆ ಬರುತ್ತಿದೆ. ಅದನ್ನು ಬೇಯಿಸುವ ಉರಿಗೆ ತತ್ವಾರವಾಗಿದೆ. ಮಠದಲ್ಲಿ ನಾವು ಬಡಿಸುವ ಪ್ರಸಾದ ದೊಡ್ಡದು. ಭಕ್ತೆಯೊಬ್ಬಳು ತನ್ನ ಮನೆಯಲ್ಲಿ, ಕಣ್ಣೀರಿಲ್ಲದೆ, ಕೆಮ್ಮಿಲ್ಲದೆ ಬೇಯಿಸಿ ಮಕ್ಕಳಿಗೆ ಬಡಿಸುವ ಅನ್ನವೂ ಪ್ರಸಾದವೇ.

ಬರುವ ಆಷಾಢಕ್ಕೆ ಇನ್ನೂ ಸಮಯವಿದೆ. ಪ್ರತಿ ಊರಿನ ಮಂಡಳಿಯವರು ಒಮ್ಮೆ ಕುಳಿತು ತಮ್ಮೂರಿನ ಹತ್ತು ಒಲೆಗಳನ್ನು ಗುರುತಿಸಿ, ಪೂಜ್ಯ ಶ್ರೀಗಳ ಸನ್ನಿಧಿಯಲ್ಲಿ ಈ ವಿಚಾರವನ್ನು ನಿವೇದಿಸಿಕೊಳ್ಳಲೆಂದು ವಿನಂತಿ.